ಯಂತ್ರದ ಮೌನವನ್ನು ನಂಬಬಹುದೆ?

ಊರೆಲ್ಲ ಮಲಗಿದ ಮೇಲೂ ಮಲಗದ ಕೆಲಸಗಾರರು ಈಗ ನಮ್ಮ ನಾಡಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ಬ್ಯಾಂಕಿನ ದಿನದ ಲೆಕ್ಕವನ್ನು ಮುಗಿಸುವವರು, ಠೇವಣಿಗೆ ಬಡ್ಡಿ ಸೇರಿಸುವವರು, ವಿದ್ಯಾರ್ಥಿವೇತನದ ಪಟ್ಟಿಯನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ದಾಟಿಸುವವರು, ಬೆಲೆಯುಳ್ಳ ದಾಖಲೆಗಳಿಗೆ ನಕಲು ತೆಗೆದಿಡುವವರು, ಹೀಗೆ ಇವರ ಕಾಯಕ ಬಗೆಬಗೆಯಾದದ್ದು. ಇವರಾರಿಗೂ ಕೈಕಾಲುಗಳಿಲ್ಲ, ಸಂಬಳವಿಲ್ಲ, ನಿದ್ರೆಯಿಲ್ಲ. ಏಕೆಂದರೆ ಇವರು ಮನುಷ್ಯರಲ್ಲ. ಗೊತ್ತಾದ ವೇಳೆಗೆ ತಾವಾಗಿಯೇ ಎದ್ದು, ವಹಿಸಿದ ಕಾರ್ಯವನ್ನು ಮಾಡಿ, ಮತ್ತೆ ಸುಮ್ಮನಾಗುವ ಗಣಕಯಂತ್ರದ ಕ್ರಮವಿಧಿಗಳು.

ಇವುಗಳ ಕೆಲಸ ಕೆಟ್ಟರೆ ನಮಗೆ ತಿಳಿಯುವುದು ಹೇಗೆ? ಈ ಪ್ರಶ್ನೆ ಯಂತ್ರವನ್ನು ನಡೆಸುವ ತಜ್ಞರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವುದು ಸರಿಯಲ್ಲ. ಆ ಕೆಲಸದ ಫಲಕ್ಕಾಗಿ ಕಾದಿರುವವರು ನಾವು. ಕೆಟ್ಟಾಗ ನಷ್ಟಕ್ಕೆ ಗುರಿಯಾಗುವವರೂ ನಾವೇ. ಆದುದರಿಂದ ಈ ವಿಷಯದಲ್ಲಿ ಜನಸಾಮಾನ್ಯರಿಗೂ, ಅದರಲ್ಲೂ ವಿದ್ಯಾರ್ಥಿಗಳಿಗೆ, ಒಂದು ಸ್ಪಷ್ಟ ಅಭಿಪ್ರಾಯವಿರುವುದು ಅವಶ್ಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪಾದಾಗ ಮಾತ್ರ ಕೂಗಬೇಕೆಂದು ಏರ್ಪಡಿಸಿದ ಯಂತ್ರ ನಂಬಿಕೆಗೆ ಅರ್ಹವಲ್ಲ. ಸರಿಯಾದಾಗಲೂ ‘ಆಯಿತು’ ಎಂದು ಹೇಳುವಂತೆ, ಹೇಳದೆ ಹೋದರೆ ಆ ಮೌನವನ್ನೇ ದೋಷವೆಂದು ಎಣಿಸುವಂತೆ ವ್ಯವಸ್ಥೆಯನ್ನು ಕಟ್ಟಬೇಕು.

ವೇಳಾಪಟ್ಟಿಯ ಕೆಲಸ

ಶಾಲೆಯ ಗಂಟೆಯನ್ನು ನೆನೆಯಿರಿ. ಹತ್ತಕ್ಕೆ ಪ್ರಾರ್ಥನೆ, ಹತ್ತೂಕಾಲಿಗೆ ಗಣಿತ, ಹನ್ನೊಂದಕ್ಕೆ ವಿಜ್ಞಾನ. ಗಂಟೆ ಬಾರಿಸುವವನ ಕೈಯಲ್ಲಿ ಒಂದು ವೇಳಾಪಟ್ಟಿ ಇರುತ್ತದೆ. ಅವನು ಪಾಠ ಹೇಳುವುದಿಲ್ಲ, ಪಾಠ ಆರಂಭವಾಗುವಂತೆ ಮಾಡುತ್ತಾನೆ. ಗಣಕಯಂತ್ರದಲ್ಲಿಯೂ ಇಂಥ ಒಬ್ಬ ಗಂಟೆಯವನಿದ್ದಾನೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬೆಳೆದ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ೧೯೭೦ರ ದಶಕದಿಂದ ಬಂದಿರುವ ‘ಕ್ರಾನ್’ ಎಂಬ ಸಾಧನವೇ ಅದು. ಕಾಲವೆಂಬ ಅರ್ಥದ ಗ್ರೀಕ್ ಶಬ್ದದಿಂದ ಈ ಹೆಸರು ಬಂದಿದೆ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದು ಅಂಕಣಗಳನ್ನು ತುಂಬಿ, ಮಾಡಬೇಕಾದ ಕೆಲಸದ ಹೆಸರನ್ನು ಬರೆದರೆ ಸಾಕು. ಆ ಹೊತ್ತಿಗೆ ಅದು ಕೆಲಸವನ್ನು ಎಬ್ಬಿಸುತ್ತದೆ.

ಇಂಥ ಕೆಲಸಗಳ ವಿಸ್ತಾರವನ್ನು ಅರಿಯಲು ಒಂದು ಉದಾಹರಣೆ ಸಾಕು. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಕಳುಹಿಸುವ ‘ನೆಫ್ಟ್’ ವ್ಯವಸ್ಥೆಯನ್ನು ಭಾರತೀಯ ರಿಸರ್ವ್ ಬ್ಯಾಂಕು ನಡೆಸುತ್ತದೆ. ೨೦೧೯ರ ಡಿಸೆಂಬರ್ ೧೬ರಿಂದ ಇದು ರಜೆಯಿಲ್ಲದೆ, ಹಗಲಿರುಳೆನ್ನದೆ, ಅರ್ಧ ಗಂಟೆಗೊಂದು ಬ್ಯಾಚಿನಂತೆ ದಿನಕ್ಕೆ ೪೮ ಬ್ಯಾಚುಗಳಲ್ಲಿ ಹಣದ ತೀರುವಳಿ ಮಾಡುತ್ತಿದೆ. ನಾವು ಹಣ ಕಳುಹಿಸಿದೊಡನೆ ಅದು ಹಾರಿಹೋಗಿ ಮತ್ತೊಂದು ಖಾತೆಯಲ್ಲಿ ಕೂರುತ್ತದೆಂದು ತೋರಿದರೂ, ವಾಸ್ತವವಾಗಿ ಅದು ಮುಂದಿನ ಬ್ಯಾಚಿಗೆ ಕಾದು, ಸರದಿ ಬಂದಾಗ ಹೊರಡುತ್ತದೆ.

ಕೆಲಸ ಒಂದೇ ಆಗಿದ್ದರೆ ಚಿಂತೆಯಿಲ್ಲ. ಆದರೆ ಇವು ಸರಪಳಿಯಂತೆ ಒಂದಕ್ಕೊಂದು ತಗಲಿಕೊಂಡಿರುತ್ತವೆ. ಮೊದಲನೆಯ ಕೆಲಸ ಪಟ್ಟಿಯನ್ನು ತರಬೇಕು, ಎರಡನೆಯದು ಅದನ್ನು ಪರಿಶೀಲಿಸಬೇಕು, ಮೂರನೆಯದು ಹಣ ಸಲ್ಲಿಸಬೇಕು, ನಾಲ್ಕನೆಯದು ಲೆಕ್ಕ ಬರೆಯಬೇಕು. ಮುಂದಿನವನಿಗೆ ಹಿಂದಿನವನ ಸ್ಥಿತಿ ತಿಳಿಯಲೆಂದು, ಪ್ರತಿಯೊಂದು ಕ್ರಮವಿಧಿಯೂ ಮುಗಿಯುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಯೂನಿಕ್ಸ್ ಸಂಪ್ರದಾಯದಲ್ಲಿ ೦ ಎಂದರೆ ಯಶಸ್ಸು. ೦ ಅಲ್ಲದ ಯಾವ ಸಂಖ್ಯೆಯಾದರೂ ವೈಫಲ್ಯ. ಯಶಸ್ಸಿಗೆ ಸೊನ್ನೆಯೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಗೆಲ್ಲುವ ಬಗೆ ಒಂದೇ, ಸೋಲುವ ಬಗೆಗಳು ಹಲವು. ಆ ಹಲವನ್ನು ಹೆಸರಿಸಲು ಉಳಿದ ಸಂಖ್ಯೆಗಳು ಬೇಕಾಗುತ್ತವೆ.

ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆಂಬುದನ್ನು ೨೦೧೨ರ ಜೂನ್ ತಿಂಗಳಿನಲ್ಲಿ ಬ್ರಿಟನ್ನಿನ ಜನ ಕಂಡರು. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹದಲ್ಲಿ ರಾತ್ರಿಯ ಕೆಲಸಗಳ ಸರದಿಯನ್ನು ನಿಯಂತ್ರಿಸುತ್ತಿದ್ದ ಕ್ರಮವಿಧಿಗೆ ಹೊಸ ಆವೃತ್ತಿಯನ್ನು ಅಳವಡಿಸಲಾಯಿತು. ತೊಂದರೆ ಕಂಡುಬಂದು ಹಿಂದಿನ ಆವೃತ್ತಿಗೆ ಮರಳಿದಾಗ ಸರದಿಯೇ ಅಸ್ತವ್ಯಸ್ತವಾಯಿತು. ಒಂದು ರಾತ್ರಿಯ ಕೆಲಸ ಮುಗಿಯದೆ ಮರುರಾತ್ರಿಯದು ಅದರ ಮೇಲೆ ಬಂದು ಕುಳಿತಿತು. ಸುಮಾರು ೬೫ ಲಕ್ಷ ಗ್ರಾಹಕರಿಗೆ ತೊಂದರೆಯಾಯಿತು. ಕೆಲವರಿಗೆ ಇದು ವಾರಗಟ್ಟಲೆ ಮುಂದುವರಿಯಿತು. ೨೦೧೪ರಲ್ಲಿ ಅಲ್ಲಿಯ ನಿಯಂತ್ರಣ ಸಂಸ್ಥೆಗಳು ಈ ಸಮೂಹಕ್ಕೆ ಒಟ್ಟು ೫ ಕೋಟಿ ೬೦ ಲಕ್ಷ ಪೌಂಡುಗಳ ದಂಡ ವಿಧಿಸಿದವು. ಹಣದ ಕೊರತೆಯಿಂದಲ್ಲ, ಕಳ್ಳತನದಿಂದಲ್ಲ. ಕೆಲಸಗಳ ಸರದಿ ತಪ್ಪಿದ್ದರಿಂದ ಇಷ್ಟಾಯಿತು.

ಕೂಗುವ ದೋಷ, ಕೂಗದ ದೋಷ

ಇದು ಎಲ್ಲರಿಗೂ ಕಂಡ ದೋಷ. ಕಂಡದ್ದರಿಂದ ಅದಕ್ಕೆ ಪರಿಹಾರವೂ ಆಯಿತು, ದಂಡವೂ ಆಯಿತು. ಇದಕ್ಕಿಂತ ಭಯಂಕರವಾದುದು ಕಾಣದ ದೋಷ.

ನಮ್ಮ ಮುಡಬಿಯ ಕಡೆ ಜೋಳ ತೆನೆಗಟ್ಟಿದಾಗ ಹೊಲಕ್ಕೆ ರಾತ್ರಿ ಕಾವಲಿರುವುದುಂಟು. ಇಬ್ಬರು ಕಾವಲುಗಾರರನ್ನು ಊಹಿಸಿಕೊಳ್ಳೋಣ. ಹಂದಿ ಬಂದಾಗ ಮಾತ್ರ ಕೂಗುತ್ತೇನೆಂದು ಒಬ್ಬನು ಹೇಳುತ್ತಾನೆ. ಹಂದಿ ಬರಲಿ, ಬರದಿರಲಿ, ಗಂಟೆಗೊಮ್ಮೆ ಕೂಗು ಹಾಕುತ್ತೇನೆಂದು ಇನ್ನೊಬ್ಬನು ಹೇಳುತ್ತಾನೆ. ಮೊದಲನೆಯವನ ಹೊಲದಿಂದ ರಾತ್ರಿಯಿಡೀ ಸದ್ದಿಲ್ಲವಾದರೆ ಅದಕ್ಕೆ ಎರಡು ಅರ್ಥಗಳಿವೆ: ಹಂದಿ ಬರಲಿಲ್ಲ, ಅಥವಾ ಕಾವಲುಗಾರ ನಿದ್ದೆ ಹೋಗಿದ್ದಾನೆ. ಈ ಎರಡರಲ್ಲಿ ಯಾವುದು ನಿಜವೆಂದು ಮನೆಯಲ್ಲಿ ಕುಳಿತ ರೈತನಿಗೆ ತಿಳಿಯಲಾರದು. ಎರಡನೆಯವನ ಕೂಗು ನಿಂತರೆ ಮಾತ್ರ ಸಂದೇಹಕ್ಕೆ ಎಡೆಯಿಲ್ಲ. ಏನೋ ಕೆಟ್ಟಿದೆ, ಎದ್ದು ಹೋಗಬೇಕು. ಗಣಕಯಂತ್ರಗಳ ಲೋಕದಲ್ಲಿ ನಾವು ಬಹುಮಟ್ಟಿಗೆ ಮೊದಲನೆಯ ಬಗೆಯ ಕಾವಲುಗಾರನನ್ನೇ ನೇಮಿಸಿಕೊಂಡಿದ್ದೇವೆ.

ಇದರ ಫಲ ಹೇಗಿರುತ್ತದೆಂಬುದಕ್ಕೆ ೨೦೧೭ರ ಜನವರಿ ೩೧ರಂದು ‘ಗಿಟ್‌ಲ್ಯಾಬ್’ ಎಂಬ ಸಂಸ್ಥೆಯಲ್ಲಿ ನಡೆದ ಪ್ರಸಂಗವೇ ಸಾಕ್ಷಿ. ಜಗತ್ತಿನ ಅನೇಕ ಕಡೆಗಳ ತಂತ್ರಜ್ಞರು ತಮ್ಮ ಕ್ರಮವಿಧಿಗಳನ್ನು ಕಾಯ್ದಿಡುವ ಸ್ಥಳವದು. ದುರಸ್ತಿಯ ಗಡಿಬಿಡಿಯಲ್ಲಿ ಕೆಲಸಗಾರನೊಬ್ಬ ಬೇರೆ ಯಂತ್ರದ ದತ್ತಸಂಚಯವನ್ನು ಅಳಿಸಹೋಗಿ ಮುಖ್ಯ ಯಂತ್ರದ್ದನ್ನೇ ಅಳಿಸಿಬಿಟ್ಟ. ಚಿಂತೆಯೇಕೆ, ದಿನವೂ ನಕಲು ತೆಗೆಯುವ ಏರ್ಪಾಡಿದೆಯಲ್ಲ ಎಂದು ನೋಡಹೋದರೆ ನಕಲಿನ ಉಗ್ರಾಣ ಬರಿದಾಗಿತ್ತು! ನಕಲು ತೆಗೆಯುವ ಸಾಧನದ ಆವೃತ್ತಿ ೯.೨, ದತ್ತಸಂಚಯದ ಆವೃತ್ತಿ ೯.೬, ಎರಡಕ್ಕೂ ಹೊಂದಿಕೆಯಾಗದೆ ಆ ಕೆಲಸ ವಿಫಲವಾಗುತ್ತಲೇ ಬಂದಿತ್ತು. ಹಾಗಾದರೆ ಯಾರಿಗೂ ಏಕೆ ತಿಳಿಯಲಿಲ್ಲ? ವಿಫಲವಾದಾಗ ಮಿಂಚಂಚೆ ಕಳುಹಿಸುವ ವ್ಯವಸ್ಥೆಯೇನೋ ಇತ್ತು. ಆದರೆ ಆ ಅಂಚೆಗಳಲ್ಲಿ ಕಳುಹಿಸಿದವರ ಗುರುತನ್ನು ಸ್ಥಾಪಿಸುವ ಸಹಿ ಇರಲಿಲ್ಲವಾದ್ದರಿಂದ, ಸ್ವೀಕರಿಸಬೇಕಾದ ಯಂತ್ರ ಅವನ್ನು ತಿರಸ್ಕರಿಸಿಬಿಡುತ್ತಿತ್ತು. ದೋಷವೂ ಆಯಿತು, ದೋಷದ ಸುದ್ದಿಯೂ ಸತ್ತಿತು. ಅದೃಷ್ಟವಶಾತ್ ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಉದ್ದೇಶಕ್ಕಾಗಿ ಒಬ್ಬರು ಕೈಯಾರೆ ತೆಗೆದಿದ್ದ ನಕಲೊಂದು ಇದ್ದುದರಿಂದ ಸಂಸ್ಥೆ ಬದುಕಿಕೊಂಡಿತು. ಆ ಆರು ಗಂಟೆಗಳ ದಾಖಲೆ ಮಾತ್ರ ಮರಳಲಿಲ್ಲ. ಈ ವಿವರಗಳನ್ನೆಲ್ಲ ಸಂಸ್ಥೆ ತಾನೇ ಬಹಿರಂಗವಾಗಿ ಪ್ರಕಟಿಸಿತೆಂಬುದನ್ನು ಮೆಚ್ಚಬೇಕು.

ಇಲ್ಲಿ ಕಲಿಯಬೇಕಾದ ಪಾಠವೇನು? ಎಚ್ಚರಿಕೆಯ ವ್ಯವಸ್ಥೆಯೂ ಒಂದು ಯಂತ್ರವೇ, ಅದೂ ಕೆಡುತ್ತದೆ. ಅದು ಕೆಟ್ಟಾಗ ಕಾಣುವ ಲಕ್ಷಣವೂ, ಎಲ್ಲವೂ ಸರಿಯಿದ್ದಾಗ ಕಾಣುವ ಲಕ್ಷಣವೂ ಒಂದೇ ಆಗಿರಕೂಡದು.

ಜೀವವಿರುವ ಸೊನ್ನೆ

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಮಾತು ಹೊಸದಾಗಿ ತೋರಬಾರದು. ಪ್ರಯೋಗಶಾಲೆಯಲ್ಲಿ ಅಳತೆಯ ಮುಳ್ಳು ಸೊನ್ನೆಯಲ್ಲಿ ನಿಂತಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ: ವಿದ್ಯುತ್ತು ನಿಜವಾಗಿಯೂ ಸೊನ್ನೆಯೋ, ಅಥವಾ ತಂತಿ ಕಳಚಿದೆಯೋ? ಕಾರ್ಖಾನೆಗಳನ್ನು ಕಟ್ಟಿದ ಯಂತ್ರಶಿಲ್ಪಿಗಳು ಈ ಪ್ರಶ್ನೆಗೆ ಬಹಳ ಹಿಂದೆಯೇ ಸೊಗಸಾದ ಉತ್ತರವನ್ನು ಕಂಡುಕೊಂಡಿದ್ದಾರೆ. ತೊಟ್ಟಿಯ ಮಟ್ಟವನ್ನೋ ಕುಲುಮೆಯ ಉಷ್ಣತೆಯನ್ನೋ ದೂರದ ಕೊಠಡಿಗೆ ತಿಳಿಸಲು ಅವರು ೪ ರಿಂದ ೨೦ ಮಿಲಿ ಆಂಪೇರ್‌ವರೆಗಿನ ವಿದ್ಯುತ್ ಪ್ರವಾಹವನ್ನು ಬಳಸುತ್ತಾರೆ. ತೊಟ್ಟಿ ತುಂಬಿದ್ದರೆ ೨೦, ಅರ್ಧವಿದ್ದರೆ ೧೨, ಬರಿದಾಗಿದ್ದರೆ ೪. ಬರಿದಾದ ತೊಟ್ಟಿಗೆ ಸೊನ್ನೆಯನ್ನೇ ಏಕೆ ಇಡಲಿಲ್ಲ? ತಂತಿ ತುಂಡಾದರೆ ಪ್ರವಾಹ ಸೊನ್ನೆಗೆ ಇಳಿಯುತ್ತದೆ. ಬರಿದಾದ ತೊಟ್ಟಿಯೂ ತುಂಡಾದ ತಂತಿಯೂ ಬೇರೆಬೇರೆಯಾಗಿ ಕಾಣಬೇಕೆಂದೇ ಈ ಏರ್ಪಾಡು. ಈ ೪ ಮಿಲಿ ಆಂಪೇರನ್ನು ತಂತ್ರಜ್ಞರು ‘ಜೀವವಿರುವ ಸೊನ್ನೆ’ ಎಂದು ಕರೆಯುತ್ತಾರೆ. ಹೇಳಲು ಏನೂ ಇಲ್ಲದಾಗಲೂ ‘ನಾನಿದ್ದೇನೆ’ ಎಂದು ಹೇಳುವ ಸೊನ್ನೆಯದು.

ಇದೇ ತತ್ತ್ವ ರೈಲುಮಾರ್ಗದಲ್ಲಿಯೂ ಇದೆ. ಬೀದರ–ಕಲಬುರಗಿ ಮಾರ್ಗ ೨೦೧೭ರ ಅಕ್ಟೋಬರ್ ೨೯ರಂದು ಆರಂಭವಾದ ಮೇಲೆ ಹುಮನಾಬಾದಿನ ವಿದ್ಯಾರ್ಥಿಗಳಿಗೆ ರೈಲು ಸಿಗ್ನಲ್ಲುಗಳು ಸಮೀಪದ ನೋಟವಾಗಿವೆ. ಸಿಗ್ನಲ್ಲುಗಳ ಹಿಂದಿರುವ ಹಳೆಯ ಉಪಾಯವೊಂದನ್ನು ಅವರು ತಿಳಿದಿರುವುದು ಒಳ್ಳೆಯದು. ಅಮೆರಿಕದ ವಿಲಿಯಂ ರಾಬಿನ್‌ಸನ್ ೧೮೭೨ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಹಳಿಯ ಒಂದು ಭಾಗದ ಒಂದು ತುದಿಯಲ್ಲಿ ವಿದ್ಯುತ್ಕೋಶ, ಇನ್ನೊಂದು ತುದಿಯಲ್ಲಿ ವಿದ್ಯುತ್ಕಾಂತ. ಹಳಿ ಖಾಲಿಯಿದ್ದಾಗ ಎರಡು ಹಳಿಗಳ ಮೂಲಕ ಪ್ರವಾಹ ಹರಿದು ವಿದ್ಯುತ್ಕಾಂತವನ್ನು ಎತ್ತಿಹಿಡಿದಿರುತ್ತದೆ; ಆಗ ಮಾತ್ರ ದಾರಿ ತೆರವಾಗಿದೆಯೆಂಬ ಸೂಚನೆ. ರೈಲು ಬಂದರೆ ಅದರ ಗಾಲಿ ಮತ್ತು ಅಚ್ಚುಗಳು ಪ್ರವಾಹವನ್ನು ನಡುವೆಯೇ ತಿರುಗಿಸುತ್ತವೆ, ವಿದ್ಯುತ್ಕಾಂತ ಕೈಬಿಡುತ್ತದೆ, ಸೂಚನೆ ಅಪಾಯಕ್ಕೆ ತಿರುಗುತ್ತದೆ. ಕೋಶ ಬರಿದಾದರೂ, ತಂತಿ ತುಂಡಾದರೂ ಇದೇ ಆಗುತ್ತದೆ. ಅಂದರೆ ವ್ಯವಸ್ಥೆ ಕೆಟ್ಟಾಗ ಅದು ತಾನಾಗಿಯೇ ಸುರಕ್ಷಿತವಾದ ಕಡೆಗೆ ಬೀಳುತ್ತದೆ. ‘ತೆರವಾಗಿದೆ’ ಎನ್ನಲು ಶ್ರಮಪಡಬೇಕು, ‘ಅಪಾಯ’ ಎನ್ನಲು ಶ್ರಮವೇ ಬೇಡ.

ರಾತ್ರಿಯ ಕೆಲಸಗಳಿಗೂ ಇದನ್ನು ಅನ್ವಯಿಸುವುದು ಕಷ್ಟವಲ್ಲ. ನಕಲು ತೆಗೆಯುವ ಕೆಲಸ ಎರಡು ಗಂಟೆಗೆ ಆರಂಭವಾಗಿ ಮೂರಕ್ಕೆ ಮುಗಿಯಬೇಕಾದುದಾದರೆ, ಮುಗಿದೊಡನೆ ಅದು ದೂರದ ಇನ್ನೊಂದು ಯಂತ್ರಕ್ಕೆ ‘ಮುಗಿಯಿತು’ ಎಂಬ ಸಂದೇಶ ಕಳುಹಿಸಲಿ. ಮೂರೂವರೆಯಾದರೂ ಸಂದೇಶ ಬರದಿದ್ದರೆ ಆ ಎರಡನೆಯ ಯಂತ್ರ ಮನುಷ್ಯನನ್ನು ಎಬ್ಬಿಸಲಿ. ಕೆಲಸ ಸೋತರೂ, ಆರಂಭವೇ ಆಗದಿದ್ದರೂ, ಯಂತ್ರವೇ ಆರಿಹೋಗಿದ್ದರೂ, ನಡುವಣ ತಂತಿ ತುಂಡಾಗಿದ್ದರೂ ಫಲ ಒಂದೇ: ಸಂದೇಶ ಬರುವುದಿಲ್ಲ, ಮನುಷ್ಯ ಏಳುತ್ತಾನೆ. ಇಲ್ಲಿ ಒಂದು ಷರತ್ತು ಉಂಟು. ಕಾಯುವ ಯಂತ್ರ ಮತ್ತು ಕಾಯಲ್ಪಡುವ ಯಂತ್ರ ಒಂದೇ ವಿದ್ಯುತ್ ಮಾರ್ಗವನ್ನು ಅವಲಂಬಿಸಿರಬಾರದು. ಇಲ್ಲವಾದರೆ ಇಬ್ಬರೂ ಒಟ್ಟಿಗೇ ಮಲಗಿಬಿಡುತ್ತಾರೆ.

ಆಜ್ಞೆ ಬೇರೆ, ಕಾರ್ಯ ಬೇರೆ

‘ಮುಗಿಯಿತು’ ಎಂದು ಯಂತ್ರ ಹೇಳಿದರೆ ಸಾಕೆ? ಸಾಲದು. ಹೇಳಿದ್ದು ನಿಜವೆಂದು ನೋಡಬೇಕು.

೧೯೭೯ರ ಮಾರ್ಚ್ ೨೮ರಂದು ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ತ್ರೀ ಮೈಲ್ ಐಲೆಂಡ್ ಅಣು ವಿದ್ಯುದಾಗಾರದಲ್ಲಿ ಅಪಘಾತವಾಯಿತು. ಒತ್ತಡವನ್ನು ಇಳಿಸಲು ತೆರೆದುಕೊಂಡ ಕವಾಟವೊಂದು ಮತ್ತೆ ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ನಿಯಂತ್ರಣ ಕೊಠಡಿಯ ದೀಪವಾದರೋ ಕವಾಟ ಮುಚ್ಚಿದೆಯೆಂದು ತಿಳಿಯುವಂತೆ ಆರಿಹೋಯಿತು. ಏಕೆಂದರೆ ಆ ದೀಪ ತೋರಿಸುತ್ತಿದ್ದುದು ಕವಾಟದ ಸ್ಥಿತಿಯನ್ನಲ್ಲ. ಕವಾಟಕ್ಕೆ ಹೋದ ಆಜ್ಞೆಯನ್ನು! ಮುಚ್ಚು ಎಂಬ ಆಜ್ಞೆ ಹೋಗಿತ್ತು, ಕವಾಟ ಮುಚ್ಚಿರಲಿಲ್ಲ. ಎರಡು ಗಂಟೆಗಳಿಗೂ ಹೆಚ್ಚು ಕಾಲ ಶೈತ್ಯಕಾರಿ ನೀರು ಹೊರಗೆ ಹರಿದು, ಅಣುಸ್ಥಾವರದ ಒಡಲು ಭಾಗಶಃ ಕರಗಿತು.

ಗಣಕಯಂತ್ರಗಳಲ್ಲಿಯೂ ಇಂಥ ದೀಪಗಳು ಬಹಳ. ಮೂರು ಕ್ರಮವಿಧಿಗಳನ್ನು ಕೊಳವೆಗಳಂತೆ ಜೋಡಿಸಿ, ಒಂದರ ಫಲ ಇನ್ನೊಂದಕ್ಕೆ ಹರಿಯುವಂತೆ ಮಾಡಿದಾಗ, ಯೂನಿಕ್ಸಿನ ಸಾಮಾನ್ಯ ಪದ್ಧತಿಯಲ್ಲಿ ಕೊನೆಯ ಕ್ರಮವಿಧಿ ಬಿಟ್ಟುಹೋದ ಸಂಖ್ಯೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮೊದಲನೆಯದು ಸೋತು ಏನನ್ನೂ ಕಳುಹಿಸದಿದ್ದರೂ, ಕೊನೆಯದು ಶೂನ್ಯವನ್ನೇ ಅಚ್ಚುಕಟ್ಟಾಗಿ ಕಟ್ಟಿಟ್ಟು, ಯಶಸ್ಸಿನ ೦ಯನ್ನು ಬರೆದು ಹೋಗುತ್ತದೆ. ಬೇರೆ ರೀತಿಯಲ್ಲಿ ವರ್ತಿಸಬೇಕೆಂದು ಬಯಸಿದರೆ ನಾವೇ ಸ್ಪಷ್ಟವಾಗಿ ಹೇಳಬೇಕಾಗುತ್ತದೆ.

ಹಾಗಾದರೆ ಕಾರ್ಯವನ್ನೇ ಅಳೆಯುವುದು ಹೇಗೆ? ಇದಕ್ಕೂ ಭೌತವಿಜ್ಞಾನದಲ್ಲಿ ಮಾದರಿಯಿದೆ. ವಿದ್ಯುನ್ಮಂಡಲದ ಯಾವ ಸಂಧಿಯಲ್ಲಿಯಾದರೂ ಒಳಬರುವ ಪ್ರವಾಹಗಳ ಮೊತ್ತ ಹೊರಹೋಗುವ ಪ್ರವಾಹಗಳ ಮೊತ್ತಕ್ಕೆ ಸಮನಾಗಿರಬೇಕೆಂಬ ಕಿರ್ಕಾಫನ ನಿಯಮವನ್ನು ನಾವು ಬೋಧಿಸುತ್ತೇವೆ. ಅದನ್ನು ಪಟ್ಟಿಗಳಿಗೂ ಅನ್ವಯಿಸಿ ನೋಡಿ. ವಿದ್ಯಾರ್ಥಿವೇತನದ ಒಂದು ಪಟ್ಟಿಯಲ್ಲಿ ೧೦೦೦ ಹೆಸರುಗಳು ಒಳಗೆ ಹೋದವೆಂದು ಭಾವಿಸೋಣ. ೯೬೮ ಮಂದಿಗೆ ಹಣ ಸಂದಾಯವಾಯಿತು. ೨೭ ಹೆಸರುಗಳು ಕಾರಣಸಹಿತವಾಗಿ ಹಿಂದಿರುಗಿದವು. ಕೂಡಿದರೆ ೯೯೫. ಉಳಿದ ಐವರು ಎಲ್ಲಿ? ಯಾವ ದೋಷದ ಸಂಖ್ಯೆಯೂ ಬರದಿರಬಹುದು, ಯಾವ ದೀಪವೂ ಕೆಂಪಾಗದಿರಬಹುದು. ಆದರೂ ಸಂಧಿಯಲ್ಲಿ ಪ್ರವಾಹ ಸೋರಿದೆ. ಈ ಕೂಡುವ ಕಳೆಯುವ ಲೆಕ್ಕವನ್ನು ಪ್ರತಿ ಹಂತದಲ್ಲಿಯೂ ಮಾಡುವ ಯಂತ್ರಕ್ಕೆ ಸೋರಿಕೆ ತಪ್ಪದೆ ಸಿಕ್ಕುತ್ತದೆ.

ಎಚ್ಚರಿಕೆಯ ಅತಿವೃಷ್ಟಿ

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಣೆ ಬರುವುದು ಸಹಜ. ಎಲ್ಲಕ್ಕೂ ಕೂಗುವ ಯಂತ್ರ ಕಟ್ಟಿದರೆ ಕೂಗಿನಲ್ಲೇ ಮನುಷ್ಯ ಕಿವುಡಾಗುವುದಿಲ್ಲವೆ?

ಆಕ್ಷೇಪಣೆ ನ್ಯಾಯವಾದುದು. ತ್ರೀ ಮೈಲ್ ಐಲೆಂಡಿನಲ್ಲಿ ಅಪಘಾತದ ಆರಂಭದಲ್ಲಿಯೇ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಮೊಳಗಿದವು. ಅವನ್ನು ಮುದ್ರಿಸುತ್ತಿದ್ದ ಯಂತ್ರ ಒಂದು ಹಂತದಲ್ಲಿ ಎರಡು ಗಂಟೆಗಳಿಗಿಂತ ಹೆಚ್ಚು ಹಿಂದೆ ಬಿದ್ದಿತು. ಮುಖ್ಯವಾದ ಮಾತು ಅಮುಖ್ಯವಾದವುಗಳ ಅಡಿಯಲ್ಲಿ ಹೂತುಹೋಯಿತು. ಒಂದು ಸಣ್ಣ ಲೆಕ್ಕ ಮಾಡಿ. ರಾತ್ರಿಗೆ ೧೦೦೦ ಕೆಲಸಗಳು, ಅವುಗಳಲ್ಲಿ ನಿಜವಾಗಿ ಕೆಡುವುದು ಒಂದೇ ಒಂದು. ನಮ್ಮ ಎಚ್ಚರಿಕೆಯ ಸಾಧನ ಸರಿಯಾದ ಕೆಲಸಗಳ ಪೈಕಿ ನೂರಕ್ಕೆ ಎರಡರಲ್ಲಿ ಸುಳ್ಳುಕೂಗು ಹಾಕುತ್ತದೆನ್ನೋಣ. ಆಗ ಬೆಳಗಾಗುವುದರೊಳಗೆ ಸುಮಾರು ಇಪ್ಪತ್ತು ಸುಳ್ಳು ಕೂಗುಗಳ ನಡುವೆ ಒಂದು ನಿಜವಾದ ಕೂಗು. ವಾರ ಕಳೆಯುವುದರೊಳಗೆ ಮನುಷ್ಯ ಇಪ್ಪತ್ತೊಂದನ್ನೂ ಓದದೆ ಒತ್ತಟ್ಟಿಗೆ ಸರಿಸುವುದನ್ನು ಕಲಿತುಕೊಳ್ಳುತ್ತಾನೆ. ಅವನನ್ನು ಸೋಮಾರಿಯೆಂದು ಬೈದು ಪ್ರಯೋಜನವಿಲ್ಲ; ಸಾಧನವೇ ಅವನಿಗೆ ಆ ಅಭ್ಯಾಸ ಮಾಡಿಸಿದೆ.

ಆದುದರಿಂದ ದೋಷಕ್ಕೂ ಎಚ್ಚರಿಕೆಗೂ ಭೇದ ಮಾಡಬೇಕು. ಯೂನಿಕ್ಸ್ ಸಂಪ್ರದಾಯದ ಯಂತ್ರಗಳು ತಮ್ಮ ದಿನಚರಿಯಲ್ಲಿ ಬರೆಯುವ ಪ್ರತಿ ಸಾಲಿಗೂ ೦ ರಿಂದ ೭ರ ವರೆಗೆ ಎಂಟು ದರ್ಜೆಗಳಿವೆ. ಸಂಖ್ಯೆ ಕಿರಿದಾದಷ್ಟೂ ಅಪಾಯ ಹಿರಿದು. ಅದರಲ್ಲಿ ದೋಷ ೩ನೆಯ ದರ್ಜೆ, ಎಚ್ಚರಿಕೆ ೪ನೆಯದು. ಕೆಲಸ ನಿಂತರೆ ಅದು ದೋಷ. ಕೆಲಸ ಮುಗಿದರೂ ಲಕ್ಷಣ ಚೆನ್ನಾಗಿಲ್ಲದಿದ್ದರೆ ಅದು ಎಚ್ಚರಿಕೆ. ದಿನವೂ ಹತ್ತು ನಿಮಿಷ ಹಿಡಿಯುತ್ತಿದ್ದ ಕೆಲಸ ಇಂದು ಐವತ್ತು ನಿಮಿಷ ಹಿಡಿಯಿತು. ದಿನವೂ ಸಾವಿರ ಸಾಲಿರುತ್ತಿದ್ದ ಪಟ್ಟಿಯಲ್ಲಿ ಇಂದು ನಲವತ್ತೇ ಇವೆ. ದೋಷಕ್ಕೆ ಮನುಷ್ಯನನ್ನು ಎಬ್ಬಿಸಬೇಕು. ಎಚ್ಚರಿಕೆಯನ್ನು ಬೆಳಗ್ಗೆ ಅವನ ಮೇಜಿನ ಮೇಲಿಡಬೇಕು. ಎಚ್ಚರಿಕೆ ಬಂದ ಮೇಲೆ ಎರಡೇ ದಾರಿ: ಕಾರಣವನ್ನು ಹುಡುಕಿ ಸರಿಪಡಿಸುವುದು, ಇಲ್ಲವೆ ಅದು ಅನಾವಶ್ಯಕವೆಂದು ನಿರ್ಣಯಿಸಿ ಆ ಎಚ್ಚರಿಕೆಯನ್ನೇ ತೆಗೆದುಹಾಕುವುದು. ನೋಡಿಯೂ ನೋಡದಂತೆ ಇರುವ ಮೂರನೆಯ ದಾರಿಯನ್ನು ಮುಚ್ಚಬೇಕು. ‘ಆಯಿತು’ ಎಂಬ ಸಾವಿರ ಸಂದೇಶಗಳನ್ನು ಮನುಷ್ಯ ಓದಬೇಕಾಗಿಲ್ಲ. ಅವನ್ನು ಯಂತ್ರವೇ ಓದಲಿ. ಬಾರದ ಒಂದನ್ನು ಮಾತ್ರ ಅದು ಮನುಷ್ಯನಿಗೆ ತೋರಿಸಲಿ.

ಇನ್ನು ಸಂದೇಹ ಬಂದಾಗ ನಿಲ್ಲಬೇಕೆ, ಮುಂದುವರಿಯಬೇಕೆ? ನಮ್ಮ ಬಾಹ್ಯಾಕಾಶ ಸಂಸ್ಥೆಯ ಎರಡು ಉಡಾವಣೆಗಳು ಈ ಪ್ರಶ್ನೆಗೆ ಉತ್ತರ ಕೊಡುತ್ತವೆ. ರಾಕೆಟ್ಟಿನ ಕೊನೆಯ ನಿಮಿಷಗಳ ಕೆಲಸಗಳನ್ನು ನಡೆಸುವುದೂ ವೇಳಾಪಟ್ಟಿಯನ್ನು ಹಿಡಿದ ಗಣಕಯಂತ್ರವೇ. ೨೦೦೧ರ ಮಾರ್ಚ್ ೨೮ರಂದು ಜಿ.ಎಸ್.ಎಲ್.ವಿ. ರಾಕೆಟ್ಟಿನ ಮೊದಲ ಉಡಾವಣೆಯಲ್ಲಿ ಪಕ್ಕದ ನಾಲ್ಕು ದ್ರವ ಇಂಧನದ ಎಂಜಿನುಗಳು ಹೊತ್ತಿಕೊಂಡವು. ಅವುಗಳಲ್ಲಿ ಒಂದು ಸಾಕಷ್ಟು ನೂಕುಬಲ ಕೊಡುತ್ತಿಲ್ಲವೆಂದು ಯಂತ್ರ ಗುರುತಿಸಿ, ಮೇಲೇಳಲು ಒಂದು ಸೆಕೆಂಡ್ ಇರುವಾಗ ಎಲ್ಲವನ್ನೂ ನಿಲ್ಲಿಸಿತು. ನಡುವಣ ಘನ ಇಂಧನದ ಹಂತ ಒಮ್ಮೆ ಹೊತ್ತಿದರೆ ಆರಿಸಲಾಗದು. ಆದುದರಿಂದಲೇ ಪರೀಕ್ಷೆಯನ್ನು ಅದಕ್ಕೆ ಮುಂಚೆ ಇಟ್ಟಿದ್ದರು. ರಾಕೆಟ್ಟು ಉಳಿಯಿತು, ಏಪ್ರಿಲ್ ೧೮ರಂದು ಹಾರಿತು. ಮತ್ತೆ ೨೦೨೩ರ ಅಕ್ಟೋಬರ್ ೨೧ರಂದು, ಗಗನಯಾನ ಯೋಜನೆಯ ಪರೀಕ್ಷಾ ವಾಹನ ಹಾರಲು ಐದು ಸೆಕೆಂಡುಗಳಿರುವಾಗ ನೆಲದ ಗಣಕಯಂತ್ರ ಅದನ್ನು ತಡೆಯಿತು. ನೋಡಿದರೆ ತೊಡಕಿದ್ದುದು ಉಸ್ತುವಾರಿಯ ವ್ಯವಸ್ಥೆಯಲ್ಲಿ. ಅದನ್ನು ಸರಿಪಡಿಸಿ ಅದೇ ದಿನ ಬೆಳಗ್ಗೆ ಹತ್ತು ಗಂಟೆಗೆ ವಾಹನವನ್ನು ಯಶಸ್ವಿಯಾಗಿ ಹಾರಿಸಿದರು.

ಮೊದಲನೆಯ ತಡೆಯಿಂದ ಮೂರು ವಾರ ಹೋಯಿತು, ಎರಡನೆಯದರಿಂದ ಒಂದೆರಡು ಗಂಟೆ. ಎರಡು ಸಲವೂ ನಿಂತದ್ದೇ ಸರಿ. ಹಿಂತೆಗೆಯಲಾಗದ ಹೆಜ್ಜೆಯ ಮುಂದೆ ಸುಳ್ಳು ಕೂಗಿನ ಬೆಲೆ ಅಲ್ಪ, ಕೇಳದೆ ಹೋದ ಕೂಗಿನ ಬೆಲೆ ಅಪಾರ. ಹಿಂತೆಗೆಯಬಹುದಾದ ಸಣ್ಣ ಹೆಜ್ಜೆಗಳಲ್ಲಿ ಇಷ್ಟು ಬಿಗಿ ಬೇಡ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಕೆಲಸ ಕಟ್ಟುವಾಗಲೇ ಯೋಚಿಸಿ ಬರೆದಿಡಬೇಕು.

ಸಾಲಿನ ಕೊನೆಯಲ್ಲಿ ನಿಂತವರು

ರಾಕೆಟ್ಟಿಗೆ ಇಷ್ಟು ಎಚ್ಚರ, ಬ್ಯಾಂಕಿಗೆ ಅಷ್ಟು ದಂಡ. ಆದರೆ ಆ ಸಾವಿರದ ಪಟ್ಟಿಯಲ್ಲಿ ಕಾಣೆಯಾದ ಐವರ ಪಾಡೇನು? ಅವರಲ್ಲೊಬ್ಬಳು ಮುಡಬಿಯಿಂದ ಬಸವಕಲ್ಯಾಣದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯೆಂದು ಭಾವಿಸಿ. ಹಣ ಬಂತೇ ಎಂದು ಅವಳು ಬ್ಯಾಂಕಿನಲ್ಲಿ ಕೇಳುತ್ತಾಳೆ. ನಮಗೆ ಬಂದಿಲ್ಲ ಎನ್ನುತ್ತಾರೆ. ಕಚೇರಿಯಲ್ಲಿ ಕೇಳುತ್ತಾಳೆ, ನಾವು ಕಳುಹಿಸಿದ್ದೇವೆ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ದೀಪಗಳೂ ಹಸಿರಾಗಿಯೇ ಇವೆ. ಆಧಾರ್ ಸಂಖ್ಯೆಯ ಮೂಲಕ ಹಣ ಸಲ್ಲಿಸುವ ಪದ್ಧತಿಯಲ್ಲಿ, ಆ ಸಂಖ್ಯೆಗೆ ಯಾವ ಬ್ಯಾಂಕೂ ಜೋಡಣೆಯಾಗಿಲ್ಲದಿದ್ದರೆ ಹಣ ಹಿಂದಿರುಗುತ್ತದೆ. ಹಿಂದಿರುಗಿದ ಕಾರಣ ಅವಳ ವರೆಗೆ ತಲುಪಿದರೆ ಒಂದು ದಿನದ ಕೆಲಸ. ತಲುಪದಿದ್ದರೆ ಒಂದು ವರ್ಷದ ಓದು. ಯಂತ್ರದ ದೋಷವನ್ನು ಮೊದಲು ಕಂಡುಹಿಡಿಯಬೇಕಾದವರು ಅದನ್ನು ನಡೆಸುವವರು. ಈಗ ಎಷ್ಟೋ ಸಲ ಮೊದಲು ಕಂಡುಹಿಡಿಯುವವಳು ಸಾಲಿನ ಕೊನೆಯಲ್ಲಿ ನಿಂತ ಈ ಹುಡುಗಿ. ಅದಕ್ಕಾಗಿ ಅವಳು ತೆರುವ ಬೆಲೆ ಬಸ್ಸಿನ ಚಾರ್ಜು, ತಪ್ಪಿದ ತರಗತಿಗಳು, ಕಟ್ಟಲಾಗದ ಶುಲ್ಕ.

ಇದು ಅನಿವಾರ್ಯವಲ್ಲ. ನೆಫ್ಟ್ ವ್ಯವಸ್ಥೆಯ ನಿಯಮವನ್ನೇ ನೋಡಿ. ಬ್ಯಾಚಿನ ತೀರುವಳಿಯಾದ ಎರಡು ಗಂಟೆಗಳೊಳಗೆ ಹಣ ಪಡೆಯುವವರ ಖಾತೆಗೆ ಸೇರಬೇಕು, ಇಲ್ಲವೆ ಕಳುಹಿಸಿದ ಬ್ಯಾಂಕಿಗೆ ಹಿಂದಿರುಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ರೆಪೋ ದರಕ್ಕೆ ಶೇಕಡ ಎರಡನ್ನು ಸೇರಿಸಿ ಗ್ರಾಹಕನಿಗೆ ಬಡ್ಡಿ ಕೊಡಬೇಕು. ಹಣ ಸೇರಿದಾಗ ಕಳುಹಿಸಿದವನಿಗೆ ‘ಸೇರಿತು’ ಎಂಬ ಖಚಿತ ಸಂದೇಶವೂ ಹೋಗುತ್ತದೆ. ಮೌನಕ್ಕೆ ಇಲ್ಲಿ ಗಡುವಿದೆ, ಗಡುವು ಮೀರಿದರೆ ಬೆಲೆಯಿದೆ. ವರ್ತಕನ ಹಣಕ್ಕೆ ದೊರೆತ ಈ ಮರ್ಯಾದೆ ವಿದ್ಯಾರ್ಥಿಯ ವೇತನಕ್ಕೂ, ರೈತನ ಬೆಳೆ ಪರಿಹಾರಕ್ಕೂ, ಮುದುಕರ ಮಾಸಾಶನಕ್ಕೂ ದೊರೆಯಬೇಕೆಂದು ಕೇಳುವುದು ಅತಿಯಾಸೆಯೆ?

ನಾವು ಕೇಳಬೇಕಾದುದು ಮೂರೇ ಸಂಗತಿ. ಸಾರ್ವಜನಿಕ ಹಣವನ್ನು ಸಾಗಿಸುವ ಪ್ರತಿಯೊಂದು ಸ್ವಯಂಚಾಲಿತ ಕೆಲಸವೂ ಮುಗಿದೊಡನೆ ಒಳಬಂದದ್ದೆಷ್ಟು, ಸಂದದ್ದೆಷ್ಟು, ಹಿಂದಿರುಗಿದ್ದೆಷ್ಟು ಎಂಬ ಲೆಕ್ಕವನ್ನು ಪ್ರಕಟಿಸಲಿ; ಲೆಕ್ಕ ಕೂಡದಿದ್ದರೆ ಕೆಲಸ ಮುಗಿಯಿತೆನ್ನದಿರಲಿ. ಎರಡನೆಯದಾಗಿ, ಪ್ರತಿ ಹಂತದ ಮೌನಕ್ಕೂ ಒಂದು ಗಡುವಿರಲಿ. ಗಡುವು ಮೀರಿದರೆ ಫಲಾನುಭವಿಗೆ ಅವನ ಭಾಷೆಯಲ್ಲಿ ಕಾರಣ ತಿಳಿಯಲಿ. ಮೂರನೆಯದಾಗಿ, ಪ್ರತಿ ಕೆಲಸಕ್ಕೂ ಹೊಣೆಗಾರನಾದ ಒಬ್ಬ ಮನುಷ್ಯನಿರಲಿ. ಕಾಯುವ ಯಂತ್ರವನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಕೊನೆಯಿಲ್ಲವೆಂದು ಹೇಳುವುದುಂಟು. ಕೊನೆಯಿದೆ, ಆ ಕೊನೆ ಹೊಣೆಯನ್ನು ಹೊತ್ತ ಮನುಷ್ಯನಲ್ಲಿದೆ.

ಇನ್ನು ನಮ್ಮ ತರಗತಿಗಳ ಮಾತು. ಕ್ರಮವಿಧಿ ಬರೆಯುವುದನ್ನು ಈಗ ಎಲ್ಲೆಡೆಯೂ ಕಲಿಸುತ್ತಾರೆ. ಅದು ನಡೆದರೆ ಅಂಕ ಕೊಡುತ್ತಾರೆ. ಅದು ಕೆಟ್ಟಾಗ ಹೇಗೆ ಕೆಡುತ್ತದೆಂಬುದನ್ನು ಕೇಳುವವರು ವಿರಳ. ಮೂರನೆಯ ಹಂತ ಸದ್ದಿಲ್ಲದೆ ಸೋಲುವಂತೆ ಬೇಕೆಂದೇ ಕಟ್ಟಿದ ಕೆಲಸವೊಂದನ್ನು ವಿದ್ಯಾರ್ಥಿಯ ಮುಂದಿಟ್ಟು, ಸೋರಿಕೆಯನ್ನು ಕಂಡುಹಿಡಿ ಎಂದು ಪರೀಕ್ಷೆಯಲ್ಲಿ ಕೇಳಬೇಕು. ತೆಗೆದಿಟ್ಟ ನಕಲಿನಿಂದ ಮೂಲವನ್ನು ಮರಳಿ ಕಟ್ಟಿ ತೋರಿಸೆಂದು ಕೇಳಬೇಕು. ಹಾಗೆ ಕಟ್ಟಿ ನೋಡುವ ತನಕ ಅದು ನಕಲೆಂಬುದಕ್ಕೆ ಆಧಾರವೇ ಇಲ್ಲ. ಭೌತವಿಜ್ಞಾನದ ಪ್ರಯೋಗದಲ್ಲಿ ಅಳತೆಯ ಜೊತೆಗೆ ಅಳತೆಯ ದೋಷವನ್ನೂ ಬರೆಯದಿದ್ದರೆ ಫಲಿತಾಂಶವನ್ನು ನಾವು ಒಪ್ಪುವುದಿಲ್ಲ. ಗಣಕದ ಕೆಲಸಕ್ಕೆ ಈ ಶಿಸ್ತು ಏಕೆ ಬೇಡ?

ಈ ಪತ್ರಿಕೆಯನ್ನು ಓದುವ ತರುಣರಲ್ಲಿ ಹಲವರು ಮುಂದೆ ಇಂಥ ಕೆಲಸಗಳನ್ನು ಕಟ್ಟುವವರಾಗುತ್ತಾರೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕುಳಿತು ಅವರು ಬರೆಯುವ ಹತ್ತು ಸಾಲುಗಳು ಎಷ್ಟೋ ಹಳ್ಳಿಗಳ ಹಣವನ್ನು ರಾತ್ರಿಯಲ್ಲಿ ಸಾಗಿಸುತ್ತವೆ. ಆ ಹತ್ತು ಸಾಲುಗಳ ಜೊತೆಗೆ ಹನ್ನೊಂದನೆಯದಾಗಿ, ಕೆಲಸ ನಿಜವಾಗಿ ಮುಗಿಯಿತೇ ಎಂದು ಎಣಿಸಿ ನೋಡಿ, ಎಣಿಕೆಯನ್ನು ಇನ್ನೊಬ್ಬರಿಗೆ ತಿಳಿಸುವ ಸಾಲನ್ನೂ ಬರೆಯಲಿ. ಅದನ್ನು ಬರೆಯಲು ಹೆಚ್ಚು ಬುದ್ಧಿ ಬೇಕಾಗಿಲ್ಲ. ತನ್ನ ಯಂತ್ರವೂ ಕೆಡಬಹುದೆಂದು ಒಪ್ಪುವ ವಿನಯ ಬೇಕು.